ಡಾಗ್‌ವುಡ್ ಎಂದರೆ ಯಾವ ಮರ? ಪುಣೆಯ ಗುಡ್ಡಗಳಲ್ಲೂ ಇದೆ ಅದರ ಬಂಧು, ನಮ್ಮ ಅಂಕೋಲೆ

ಹಿಂಜವಾಡಿ (ಪುಣೆ): ಫೆಬ್ರವರಿ ಕಳೆಯುತ್ತಿದ್ದಂತೆ ಪುಣೆಯ ಸುತ್ತಲಿನ ಟೇಕಡಿಗಳು ಒಣಗಿ ಬಣಗುಟ್ಟುತ್ತವೆ. ಹುಲ್ಲು ಹಳದಿ, ಮಣ್ಣು ಕಂದು, ಮರಗಳು ಬೋಳು. ಅಂಥ ಹೊತ್ತಲ್ಲಿ ಎಲೆಯೇ ಇಲ್ಲದ ಒಂದು ಕೊಂಕು ಕೊಂಕಾದ ಮರ ಮೈತುಂಬ ಬಿಳಿ ಹೂ ಬಿಟ್ಟು ನಿಂತಿರುವುದು ಕಂಡರೆ ಯಾರಾದರೂ ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಾರೆ. ಆ ಫೋಟೋವನ್ನು ಗಿಡ ಗುರುತಿಸುವ ಆ್ಯಪ್‌ಗೆ ಕೊಟ್ಟರೆ ಅದು ಸಸ್ಯದ ಕುಟುಂಬ 'ಕಾರ್ನೇಸಿ', ಅಂದರೆ ಡಾಗ್‌ವುಡ್ ಕುಟುಂಬ ಎಂದು ಹೇಳುತ್ತದೆ. ಅಲ್ಲಿಂದ ಗೊಂದಲ ಶುರು. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಪ್ರತಿ ಏಪ್ರಿಲ್‌ನಲ್ಲಿ ಕಳಿಸುವ ಡಾಗ್‌ವುಡ್ ಫೋಟೋಗೂ ಇದಕ್ಕೂ ಹೋಲಿಕೆಯೇ ಇಲ್ಲವಲ್ಲ!

ಹೋಲಿಕೆ ಇಲ್ಲ ನಿಜ, ಆದರೆ ಆ್ಯಪ್ ಹೇಳಿದ್ದೂ ಸುಳ್ಳಲ್ಲ. ಆ ಮರ ಅಂಕೋಲೆ. ಉತ್ತರ ಕನ್ನಡದ ಅಂಕೋಲಾ ಪಟ್ಟಣಕ್ಕೆ ಹೆಸರು ಕೊಟ್ಟಿದ್ದು ಎನ್ನಲಾಗುವ ಅದೇ ಮರ. ಹಿಂಜವಾಡಿಯ ಐಟಿ ಪಾರ್ಕ್‌ಗಳಲ್ಲಿ ಕೆಲಸ ಮಾಡುವ, ವಾರಾಂತ್ಯದಲ್ಲಿ ಮುಳಶಿ ಕಡೆ ಚಾರಣಕ್ಕೆ ಹೋಗುವ ಕನ್ನಡಿಗರಿಗೆ ಊರಿನ ನೆಂಟನೇ ಸಿಕ್ಕಂತೆ.

ಇದನ್ನು ಗುರುತಿಸುವುದು ಹೇಗೆ, ಎಲ್ಲಿ ಹುಡುಕಬೇಕು, ಇದರ ಔಷಧದ ಕತೆಗಳಲ್ಲಿ ಯಾವುದನ್ನು ನಂಬಬಾರದು ಎಂಬುದು ಇಲ್ಲಿದೆ. ಕೊನೆಯ ವಿಷಯ ಜೀವ-ಸಾವಿನದ್ದು, ಅದನ್ನಂತೂ ತಪ್ಪದೆ ಓದಿ.

ಅಸಲಿ ಡಾಗ್‌ವುಡ್ ಯಾವುದು?

ಇಂಗ್ಲಿಷ್‌ನಲ್ಲಿ ಡಾಗ್‌ವುಡ್ ಎಂದು ಕರೆಯುವುದು ಕಾರ್ನಸ್ ಎಂಬ ಕುಲದ ಮರ-ಪೊದೆಗಳನ್ನು. ಇವುಗಳಲ್ಲಿ ಹೆಚ್ಚು ಹೆಸರಾಗಿರುವುದು ಪೂರ್ವ ಅಮೆರಿಕದ ಕಾರ್ನಸ್ ಫ್ಲೋರಿಡಾ. ವರ್ಜೀನಿಯಾ, ನಾರ್ತ್ ಕೆರೊಲಿನಾ, ಜಾರ್ಜಿಯಾ ಕಡೆಯ ಕಾಡುಗಳಲ್ಲಿ ಓಕ್‌ನಂಥ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಚಿಕ್ಕ ಮರ ಇದು. ಮಿಸ್ಸೌರಿ ರಾಜ್ಯದ ರಾಜ್ಯವೃಕ್ಷ, ವರ್ಜೀನಿಯಾದಲ್ಲಿ ರಾಜ್ಯಪುಷ್ಪವೂ ಇದೇ, ರಾಜ್ಯವೃಕ್ಷವೂ ಇದೇ. ಅಟ್ಲಾಂಟಾದಲ್ಲಿ 1936ರಿಂದ ಇದರ ಹೆಸರಿನಲ್ಲೇ ಉತ್ಸವ ನಡೆಯುತ್ತಿದೆ. ಜಪಾನ್ 1912ರಲ್ಲಿ ವಾಷಿಂಗ್ಟನ್‌ಗೆ ಚೆರ್ರಿ ಗಿಡಗಳನ್ನು ಕಳಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಪ್ರತಿಯಾಗಿ 1915ರಲ್ಲಿ ಅಮೆರಿಕ ಜಪಾನ್‌ಗೆ ಕಳಿಸಿದ್ದು ಡಾಗ್‌ವುಡ್ ಗಿಡಗಳನ್ನು.

ಅಲ್ಲಿರುವ ಕನ್ನಡ ಕುಟುಂಬಗಳು ಮನೆ ಹಿತ್ತಲಲ್ಲಿ ಇದನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಎಲೆಯ ನರಗಳು ಅಂಚಿನ ಕಡೆ ಹೋಗಿ, ಅಂಚನ್ನು ಮುಟ್ಟದೆ ತುದಿಯ ಕಡೆಗೆ ಬಿಲ್ಲಿನಂತೆ ಬಾಗುತ್ತವೆ. ಎಲೆಯನ್ನು ಅಡ್ಡಲಾಗಿ ನಿಧಾನಕ್ಕೆ ಹರಿದರೆ ಎರಡು ಚೂರುಗಳ ನಡುವೆ ಜೇಡನ ದಾರದಂಥ ಸಣ್ಣ ಎಳೆಗಳು ಉಳಿದು, ಕೆಳಗಿನ ಚೂರು ತೂಗಾಡುತ್ತದೆ. ಮಕ್ಕಳಿಗೆ ತೋರಿಸಿದರೆ ಖುಷಿಪಡುತ್ತಾರೆ. ಹಳೆಯ ಮರದ ತೊಗಟೆ ಸಣ್ಣ ಸಣ್ಣ ಚೌಕಗಳಾಗಿ ಒಡೆದು ಮೊಸಳೆಯ ಚರ್ಮದ ಹಾಗೆ ಕಾಣುತ್ತದೆ. ಇನ್ನು, ನಾವು ನಾಲ್ಕು ಬಿಳಿ ದಳ ಎಂದುಕೊಳ್ಳುವುದು ದಳಗಳೇ ಅಲ್ಲ, ಅವು ಬಣ್ಣ ಬದಲಿಸಿಕೊಂಡ ಎಲೆಗಳು. ನಮ್ಮ ಕಾಗದದ ಹೂವಿನಲ್ಲಿ ಇರುವುದೂ ಇದೇ ಏರ್ಪಾಡು. ನಿಜವಾದ ಹೂಗಳು ನಡುವಿನ ಹಸಿರು-ಹಳದಿ ಗುಚ್ಛದಲ್ಲಿ ಅಡಗಿರುತ್ತವೆ.

ಡಾಗ್‌ವುಡ್ ಎಂಬ ಹೆಸರು ಹೇಗೆ ಬಂತು ಎನ್ನುವುದಕ್ಕೆ ಎರಡು ಕತೆ ಹೇಳುತ್ತಾರೆ. ಗಟ್ಟಿ ಕಟ್ಟಿಗೆಯಿಂದ ಮೊಳೆ, ಚೂಪು ಕಡ್ಡಿ ಮಾಡುತ್ತಿದ್ದರು, ಅದಕ್ಕಿದ್ದ ಹಳೆಯ ಪದ ಮುಂದೆ 'ಡಾಗ್' ಆಯಿತು ಎನ್ನುವುದು ಒಂದು. ಕಜ್ಜಿ ಹಿಡಿದ ನಾಯಿಗಳನ್ನು ಇದರ ಕಷಾಯದಲ್ಲಿ ತೊಳೆಯುತ್ತಿದ್ದರು ಎನ್ನುವುದು ಇನ್ನೊಂದು. ಏನೇ ಇರಲಿ, ಕಟ್ಟಿಗೆ ಗಟ್ಟಿ ಎನ್ನುವುದರಲ್ಲಿ ಅನುಮಾನವಿಲ್ಲ. ಮಗ್ಗದ ಲಾಳಿ ಮಾಡಲು ಈ ಮರಕ್ಕೆ ಭಾರಿ ಬೇಡಿಕೆ ಇತ್ತು.

ಭಾರತದಲ್ಲಿ ಕಾರ್ನಸ್ ಕುಲದ ಮರಗಳು ಕಾಣಸಿಗುವುದು ಹಿಮಾಲಯದಲ್ಲಿ. ಉತ್ತರಾಖಂಡದ ಗುಡ್ಡಗಾಡಿನ ಜನ ಭಮೋರಾ ಎಂದು ಕರೆಯುವ ಮರ ಈ ಕುಲದ್ದೇ. ಕೆನೆ ಬಣ್ಣದ ನಾಲ್ಕು 'ದಳ', ಸ್ಟ್ರಾಬೆರಿಯಂಥ ಕೆಂಪು ಹಣ್ಣು. ಚಳಿ ಇಲ್ಲದ ಕಡೆ ಇವು ಒಗ್ಗುವುದಿಲ್ಲ. ಹಾಗಾಗಿ ಪುಣೆ, ಹುಬ್ಬಳ್ಳಿ, ಬೆಂಗಳೂರಿನ ಬಾಲ್ಕನಿಯಲ್ಲಿ ಬೆಳೆಸುತ್ತೇನೆಂದು ಆನ್‌ಲೈನ್‌ನಲ್ಲಿ ಡಾಗ್‌ವುಡ್ ಬೀಜ ತರಿಸುವ ಆಲೋಚನೆ ಇದ್ದರೆ ಆ ದುಡ್ಡು ಉಳಿಸಿ.

ನಮ್ಮ ನೆಲದ ಬಂಧು

ದಖನ್ನಿನ ಬಿಸಿಲಿಗೆ ಒಗ್ಗಿದ ಸಂಬಂಧಿ ಅಂಕೋಲೆ. ಇದರ ವೈಜ್ಞಾನಿಕ ಹೆಸರು ಅಲಾಂಜಿಯಂ ಸಾಲ್ವಿಫೋಲಿಯಂ. ಹಿಂದೆ ಇದನ್ನು ಅಲಾಂಜಿಯೇಸಿ ಎಂಬ ಬೇರೆಯದೇ ಕುಟುಂಬದಲ್ಲಿ ಇಡುತ್ತಿದ್ದರು. ಹಳೆಯ ಪುಸ್ತಕಗಳಲ್ಲಿ ಈಗಲೂ ಹಾಗೇ ಇದೆ. ಡಿಎನ್‌ಎ ಆಧಾರದ ವರ್ಗೀಕರಣ ಬಂದ ಮೇಲೆ ಅಂಕೋಲೆ ಮತ್ತು ಕಾರ್ನಸ್ ಹತ್ತಿರದ ಬಂಧುಗಳು ಎಂದು ತಿಳಿದು ಎರಡನ್ನೂ ಒಂದೇ ಕುಟುಂಬದಲ್ಲಿ ಸೇರಿಸಿದರು. ಆ್ಯಪ್ ಡಾಗ್‌ವುಡ್ ಎನ್ನುವುದು ಈ ಕಾರಣಕ್ಕೆ.

ಹೆಸರಿನ ಹಿಂದೆ ಇನ್ನೊಂದು ಸ್ವಾರಸ್ಯ ಇದೆ. ಅಲಾಂಜಿಯಂ ಎನ್ನುವುದು ಲ್ಯಾಟಿನ್ ಅಲ್ಲ, ಗ್ರೀಕ್ ಅಲ್ಲ. ಮಲಯಾಳದ 'ಅಲಂಗಿ' ಎಂಬ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ಫ್ರೆಂಚ್ ವಿಜ್ಞಾನಿ ಲಮಾರ್ಕ್ 1783ರಲ್ಲಿ ಮಾಡಿದ ಹೆಸರು. ಅದಕ್ಕೂ ನೂರು ವರ್ಷ ಮೊದಲೇ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಈ ಮರವನ್ನು ದಾಖಲಿಸಿದ್ದರು. ಇತ್ತ ಲಿನೇಯಸ್‌ನ ಮಗ ಇದನ್ನು ನಮ್ಮ ತಡಸಲು ಮರದ ಕುಲಕ್ಕೆ, ಅಂದರೆ ಗ್ರೂವಿಯಾಕ್ಕೆ ಸೇರಿಸಿಬಿಟ್ಟಿದ್ದ. ಅದನ್ನು ಸರಿಪಡಿಸಿ ಈಗಿನ ಹೆಸರು ಬಂದದ್ದು 20ನೇ ಶತಮಾನದ ಆರಂಭದಲ್ಲಿ. ದೊಡ್ಡವರೇ ಎಡವಿದ್ದಾರೆ ಎಂದ ಮೇಲೆ ನಾವು ನೀವು ಎಡವಿದರೆ ನಾಚಿಕೊಳ್ಳಬೇಕಾಗಿಲ್ಲ.

ಕನ್ನಡದಲ್ಲಿ ಅಂಕೋಲೆ, ಅಂಕೋಲ, ಉಡುಗೆ ಎಂಬ ಹೆಸರುಗಳಿವೆ. ಸಂಸ್ಕೃತದಲ್ಲಿ ಅಂಕೋಲ, ಅಂಕೋಟ, ದೀರ್ಘಕೀಲ. ತೆಲುಗಿನಲ್ಲಿ ಉಡುಗ, ತಮಿಳಿನಲ್ಲಿ ಅಳಿಂಜಿಲ್. ಮರಾಠಿಯಲ್ಲೂ ಅಂಕೋಲವೇ. ಮುಳಶಿ ತಾಲೂಕಿನ ಹಳ್ಳಿಯಲ್ಲಿ ದನ ಮೇಯಿಸುವ ಹಿರಿಯರ ಹತ್ತಿರ ಕೇಳುವಾಗ ಹೆಸರಿಗಾಗಿ ತಡಕಾಡಬೇಕಿಲ್ಲ, ಕನ್ನಡದ ಹೆಸರೇ ಸಾಕು.

ಅಂಕೋಲಾ ಊರಿನ ಹೆಸರಿಗೂ ಈ ಗಿಡವೇ ಮೂಲ ಎಂಬುದು ಬಹುಕಾಲದ ಮಾತು. ಘಟ್ಟದ ಇಳಿಜಾರಿನಲ್ಲಿ ಬೆಳೆಯುತ್ತಿದ್ದ ಈ ಗಿಡವನ್ನು ಹಾಲಕ್ಕಿ ಒಕ್ಕಲಿಗರು ತಮ್ಮ ಬಳಿಯ ಕುರುಹಾಗಿ ಗೌರವಿಸುತ್ತಿದ್ದರು ಎನ್ನುತ್ತಾರೆ. ಉಪ್ಪಿನ ಸತ್ಯಾಗ್ರಹದಿಂದ, ಕರಿ ಇಶಾಡು ಮಾವಿನಿಂದ ಹೆಸರಾದ ಊರಿಗೆ ಒಂದು ಕಾಡುಗಿಡದ ಗುರುತೂ ಇದೆ ಎಂಬುದು ಆ ಕಡೆಯವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಗುರುತಿಸುವುದು ಹೇಗೆ?

ಹೂ ಬಿಟ್ಟಾಗ ಅಂಕೋಲೆಯನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಹೆಚ್ಚಾಗಿ ಎಲೆ ಉದುರಿದ ಮೇಲೆ, ಬರಿಯ ಕೊಂಬೆಗಳ ಮೇಲೆ ಹೂ ಗೊಂಚಲಾಗಿ ಬರುತ್ತದೆ. ಮೊಗ್ಗು ಉದ್ದಕ್ಕೆ, ಸಣ್ಣ ಬೆಂಕಿಕಡ್ಡಿಯ ತುಂಡಿನ ಹಾಗೆ, ಮುಟ್ಟಿದರೆ ಮಖಮಲ್ಲು. ಅರಳಿದಾಗ ಕಿರಿದಾದ ಪಟ್ಟಿಯಂಥ ದಳಗಳು ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ದಳಗಳು ಐದರಿಂದ ಹತ್ತರವರೆಗೆ ಇರಬಹುದು. ನಡುವಿನ ಕೇಸರಗಳ ಕಟ್ಟು ಕುಂಚದಂತೆ ಹೊರಚಾಚುತ್ತದೆ. ಹತ್ತಿರ ಹೋಗುವ ಮೊದಲೇ ಸಿಹಿ ಪರಿಮಳ ಮೂಗಿಗೆ ಬಡಿಯುತ್ತದೆ, ಜೇನುನೊಣಗಳ ಗುಂಯ್ಗುಟ್ಟುವಿಕೆ ಕಿವಿಗೆ. ಗಮನಿಸಿ: ಇಲ್ಲಿ ಬಿಳಿ ಕಾಣುವುದು ನಿಜವಾದ ದಳವೇ. ಅಮೆರಿಕದ ಬಂಧುವಿನಂತೆ ವೇಷ ಹಾಕಿದ ಎಲೆಯಲ್ಲ.

ಹೂ ಇಲ್ಲದ ಕಾಲದಲ್ಲಿ ಎಲೆ ನೋಡಬೇಕು. ಡಾಗ್‌ವುಡ್‌ನಂತೆ ಜೋಡಿ ಎಲೆ ಹುಡುಕಿದರೆ ಮೋಸ ಹೋಗುತ್ತೀರಿ. ಅಂಕೋಲೆಯಲ್ಲಿ ಎಲೆಗಳು ಒಂದಾದ ಮೇಲೊಂದು ಪರ್ಯಾಯವಾಗಿ ಬರುತ್ತವೆ. ಆಕಾರ ಉದ್ದನೆಯ ಅಂಡಾಕಾರ, ಅಂಚು ನುಣುಪು, ತೊಟ್ಟು ಗಿಡ್ಡ. ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ. ಎಲೆಯ ಬುಡ ಎಷ್ಟೋ ಸಲ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಿ ಓರೆಯಾಗಿರುತ್ತದೆ. ಎಳೆಯ ಚಿಗುರಿನ ಮೇಲೆ ನವಿರಾದ ರೋಮಗಳಿರುತ್ತವೆ, ಬಲಿತ ಮೇಲೆ ಮೇಲ್ಭಾಗ ನುಣುಪಾಗುತ್ತದೆ.

ಮುಳ್ಳಿನ ಬಗ್ಗೆ ಒಂದು ಮಾತು. ಗುಲಾಬಿಯಂತೆ ತೊಗಟೆಯ ಮೇಲೆ ಅಂಟಿಕೊಂಡ ಮುಳ್ಳಲ್ಲ ಇದರದ್ದು. ಚಿಕ್ಕ ರೆಂಬೆಗಳ ತುದಿಯೇ ಗಟ್ಟಿಯಾಗಿ ಚೂಪಾಗುತ್ತದೆ. ದೀರ್ಘಕೀಲ ಎಂದು ಸಂಸ್ಕೃತದಲ್ಲಿ ಕರೆದಿದ್ದು ಸುಮ್ಮನೆ ಅಲ್ಲ. ಕೆಲವು ಮರಗಳಲ್ಲಿ ಮುಳ್ಳು ಕಡಿಮೆ ಇರುವುದೂ ಉಂಟು, ಹಾಗಾಗಿ ಮುಳ್ಳೊಂದನ್ನೇ ನೆಚ್ಚಿಕೊಳ್ಳಬೇಡಿ. ಮರ ಸಾಮಾನ್ಯವಾಗಿ 3ರಿಂದ 10 ಮೀಟರ್ ಎತ್ತರ. ಕಡಿದು, ಮೇಯಿಸಿದ ಜಾಗಗಳಲ್ಲಿ ಪೊದೆಯಾಗಿಯೇ ಉಳಿಯುತ್ತದೆ.

ಬೇಸಿಗೆಯ ಕೊನೆಗೆ ಹಣ್ಣು. ಮೊಟ್ಟೆಯಾಕಾರ, ಎರಡು ಸೆಂಟಿಮೀಟರ್ ಒಳಗೆ, ಮೈಮೇಲೆ ಉದ್ದುದ್ದ ಗೆರೆ. ತುದಿಯಲ್ಲಿ ಹೂವಿನ ಪುಷ್ಪಪಾತ್ರೆಯ ಅಂಚು ಪುಟ್ಟ ಕಿರೀಟದಂತೆ ಹಾಗೇ ಉಳಿದಿರುತ್ತದೆ. ಹಸಿರಿದ್ದದ್ದು ಕೆಂಪಾಗಿ, ಕೊನೆಗೆ ನೇರಳೆ-ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಒಳಗೆ ಲೋಳೆಯಂಥ ತಿರುಳು, ಒಂದೇ ಬೀಜ. ಕಾಡಂಚಿನ ಮಕ್ಕಳು, ದನಗಾಹಿಗಳು ತಿನ್ನುತ್ತಾರೆ. ಹಕ್ಕಿ, ಮಂಗ, ಪುನುಗುಬೆಕ್ಕುಗಳಿಗೂ ಇದು ಮೇವು, ಬೀಜ ಹರಡುವುದೂ ಅವುಗಳಿಂದಲೇ.

ಇದರ ಜೊತೆ ಗೊಂದಲವಾಗುವ ಗಿಡಗಳಲ್ಲಿ ಮುಖ್ಯವಾದದ್ದು ಮಂಗಾರೆ. ಅದಕ್ಕೂ ಮುಳ್ಳು, ಅದರದ್ದೂ ಬಿಳಿ ಪರಿಮಳದ ಹೂ, ಬೆಳೆಯುವುದೂ ಇಂಥದ್ದೇ ಗುಡ್ಡಗಳಲ್ಲಿ. ಆದರೆ ಮಂಗಾರೆಯ ಎಲೆಗಳು ಜೋಡಿ, ದಳಗಳು ಅಗಲ, ಹೂ ಬಾಡುತ್ತಾ ಹಳದಿಯಾಗುತ್ತದೆ, ಕಾಯಿ ಪುಟ್ಟ ಸೀಬೆಕಾಯಿಯಂತೆ ಹಲವು ಬೀಜಗಳದ್ದು. ತಡಸಲು ಜಾತಿಯ ಗಿಡಗಳಲ್ಲೂ ಬುಡದಿಂದ ಮೂರು ನರ ಹೊರಡುತ್ತವೆ. ಅವುಗಳ ಎಲೆಯ ಅಂಚು ಗರಗಸದಂತೆ ಹಲ್ಲುಹಲ್ಲು, ಅಂಕೋಲೆಯದ್ದು ನುಣುಪು. ಇಷ್ಟು ನೆನಪಿದ್ದರೆ ಸಾಕು.

ಎಲ್ಲಿ ಹುಡುಕಬೇಕು?

ಅಂಕೋಲೆಯದ್ದು ದಟ್ಟ ಮಳೆಕಾಡಿನ ಬದುಕಲ್ಲ. ಎಲೆ ಉದುರುವ ಕಾಡು, ಕುರುಚಲು ಕಾಡು, ಕಲ್ಲುಗುಡ್ಡದ ಬುಡ, ಹಳ್ಳದ ಅಂಚು, ಕೆರೆದಂಡೆ, ಹೊಲದ ಬದು, ಹಳೆಯ ಬೇಲಿ ಇದರ ಜಾಗ. ಮುತ್ತುಗ, ಕಕ್ಕೆ, ಕಮರ, ಬೇವು, ಜಾಲಿ ಇರುವ ಕಡೆ ಇದನ್ನೂ ಹುಡುಕಿ. ಭಾರತ, ಶ್ರೀಲಂಕಾ ಮಾತ್ರವಲ್ಲ, ಆಗ್ನೇಯ ಏಷ್ಯಾದವರೆಗೂ ಇದರ ಹರಹು ಇದೆ. ಬಯಲುಸೀಮೆಯಲ್ಲಿ ಬೆಳೆದವರು ಇದನ್ನು ನೋಡಿಯೇ ಇರುತ್ತಾರೆ, ಹೆಸರು ತಿಳಿಯದೆ ದಾಟಿ ಹೋಗಿರುತ್ತಾರೆ ಅಷ್ಟೆ.

ಇದರಲ್ಲೇ ಇನ್ನೊಂದು ಉಪಜಾತಿ ಇದೆ, ಹೆಕ್ಸಾಪೆಟಲಂ. ಅದು ನೆಟ್ಟಗೆ ನಿಲ್ಲುವ ಮರವಲ್ಲ, ಬೇರೆ ಮರಗಳಿಗೆ ಆತುಕೊಂಡು ಏರುವ ದೊಡ್ಡ ಬಳ್ಳಿ. ಪಶ್ಚಿಮ ಘಟ್ಟದ ತೇವದ ಕಡೆ, ಹೊಳೆಯ ದಂಡೆಗಳಲ್ಲಿ ಸಿಗುತ್ತದೆ. ಘಟ್ಟದವರು ಒಂದು ಬಗೆಯಾಗಿ, ಬಯಲಿನವರು ಇನ್ನೊಂದು ಬಗೆಯಾಗಿ ಇದೇ ಗಿಡವನ್ನು ವರ್ಣಿಸಿ ಜಗಳಕ್ಕೆ ನಿಂತರೆ ಇಬ್ಬರೂ ಸರಿ ಇರಬಹುದು.

ಹಿಂಜವಾಡಿಯ ಭೂಗೋಳ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅಲ್ಲಿಂದ ಪಶ್ಚಿಮಕ್ಕೆ ಸಹ್ಯಾದ್ರಿಯ ಕಡೆ ಹೋದಂತೆ ಮಳೆ ಹಲವು ಪಟ್ಟು ಏರುತ್ತದೆ. ಮುಳಶಿ ತಾಲೂಕಿನ ಪೂರ್ವದ ಅಂಚಿನಲ್ಲಿರುವ ಹಿಂಜವಾಡಿ ಈ ಎರಡರ ನಡುವೆ ಇದೆ. ಕಪ್ಪು ಬಸಾಲ್ಟ್ ಬಂಡೆ, ಅದರ ಮೇಲೆ ತೆಳು ಮಣ್ಣು, ಇಳಿಜಾರು. ಅಂಕೋಲೆಗೆ ಹೇಳಿ ಮಾಡಿಸಿದ ಜಾಗ. ನಮ್ಮ ಬೆಳಗಾವಿ-ಧಾರವಾಡದ ಪಶ್ಚಿಮದ ಸೆರಗಿನಲ್ಲೂ ಹೀಗೇ ಒಣ ಬಯಲು ಮತ್ತು ಮಳೆಕಾಡು ಕೈ ಹಿಡಿದು ನಿಲ್ಲುತ್ತವೆ.

ಪುಣೆಯ ಗುಡ್ಡಗಳಲ್ಲಿ ಮಾತ್ರ ಒಂದು ತೊಡಕಿದೆ. ಹಸಿರು ಮಾಡುವ ಆತುರದಲ್ಲಿ ಹಲವು ಟೇಕಡಿಗಳ ಮೇಲೆ ಗ್ಲಿರಿಸಿಡಿಯಾ ನೆಡಲಾಗಿದೆ. ಮಧ್ಯ ಅಮೆರಿಕದಿಂದ ಬಂದ ಮರ ಅದು. ಅದು ಗುಂಪುಗಟ್ಟಿ ನಿಂತ ಕಡೆ ನಾಡಗಿಡಗಳಿಗೆ ಜಾಗ ಸಿಗುವುದು ಕಷ್ಟ. ಫೆಬ್ರವರಿ-ಮಾರ್ಚ್‌ನಲ್ಲಿ ಎಲೆ ಉದುರಿಸಿ ಗುಲಾಬಿ ಬಣ್ಣದ ಹೂ ಬಿಡುವ ಗ್ಲಿರಿಸಿಡಿಯಾಕ್ಕೆ ಫೋಟೋ ಹೊಡೆಯುವವರು ಪಕ್ಕದಲ್ಲೇ ಇರುವ ಅಂಕೋಲೆಯನ್ನು ಕಾಣುವುದಿಲ್ಲ. ನೆಟ್ಟ ಗುಡ್ಡಗಳಿಗಿಂತ ದೇವರಾಯಿಗಳು ವಾಸಿ. ದೇವರಾಯಿ ಎಂದರೆ ಕೊಡಗಿನ ದೇವರಕಾಡು, ಕರಾವಳಿಯ ನಾಗಬನದ ಮರಾಠಿ ಸೋದರ. ಪಶ್ಚಿಮ ಮಹಾರಾಷ್ಟ್ರದ ಇಂಥ ಕಾಡುಗಳನ್ನು ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ 1970ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಊರಿನ ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದ ತುಣುಕುಗಳಲ್ಲಿ ಹಳೆಯ ಮರಗಳು ತಮ್ಮ ಪೂರ್ತಿ ಎತ್ತರಕ್ಕೆ ಬೆಳೆದಿರುತ್ತವೆ.

ಗುರುತು ಖಚಿತವಾಗಲಿಲ್ಲ ಎಂದರೆ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ ಇರುವುದು ಪುಣೆಯಲ್ಲೇ. ಥಿಯೋಡರ್ ಕುಕ್ ಬರೆದ ಬಾಂಬೆ ಪ್ರೆಸಿಡೆನ್ಸಿಯ ಸಸ್ಯಗಳ ಪುಸ್ತಕವೂ (1901-1908) ಈ ಊರಿನದ್ದೇ ಅನ್ನಬಹುದು, ಆತ ಇಲ್ಲಿನ ವಿಜ್ಞಾನ ಕಾಲೇಜಿನ ಪ್ರಾಂಶುಪಾಲನಾಗಿದ್ದವನು. ಆಗ ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಅದೇ ಪ್ರೆಸಿಡೆನ್ಸಿಯಲ್ಲಿ ಇದ್ದುದರಿಂದ ನಮ್ಮ ಗಿಡಗಳೂ ಅದರಲ್ಲಿ ಸೇರಿವೆ.

ಮರಕ್ಕೆ ಮರಳುವ ಬೀಜ

ಅಂಕೋಲೆಯ ಬೀಜ ಉದುರಿದ ಮೇಲೆ ತಾನಾಗಿ ಮತ್ತೆ ತಾಯಿಮರಕ್ಕೆ ಹೋಗಿ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ದಕ್ಷಿಣ ಭಾರತದಲ್ಲಿ ಬಹಳ ಹಳೆಯದು. ಶಂಕರಾಚಾರ್ಯರದ್ದು ಎನ್ನಲಾಗುವ ಶಿವಾನಂದಲಹರಿಯಲ್ಲಿ ಭಕ್ತಿ ಎಂದರೇನು ಎಂದು ಹೇಳುವಾಗ ಬರುವ ಮೊದಲ ಹೋಲಿಕೆಯೇ ಇದು. ತಿರುಳು ಅಂಟಂಟಾಗಿ ಬೀಜ ತೊಗಟೆಗೆ ಮೆತ್ತಿಕೊಳ್ಳುವುದನ್ನು ಕಂಡು ಈ ನಂಬಿಕೆ ಹುಟ್ಟಿರಬಹುದು. ಇಂದ್ರಜಾಲದ ಹಳೆಯ ಗ್ರಂಥಗಳಲ್ಲಿ ಅಂಕೋಲೆ ಎಣ್ಣೆಗೆ ಇನ್ನೂ ದೊಡ್ಡ ಪಾತ್ರ: ಅದನ್ನು ಸವರಿದರೆ ಮಾವಿನ ಓಟೆ ಕಣ್ಣೆದುರೇ ಮೊಳೆತು ಮರವಾಗುತ್ತದಂತೆ! ಈ ಕತೆಗಳನ್ನು ಕತೆಯಾಗಿ ಕೇಳುವುದರಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಮುಂದಿನ ಕತೆಯಲ್ಲಿ.

ನಾಯಿ ಕಚ್ಚಿದರೆ ಅಂಕೋಲೆ ಬೇರು? ಬೇಡವೇ ಬೇಡ

ಹೆಸರಿನಲ್ಲಿ 'ಡಾಗ್' ಇರುವ ಕುಟುಂಬದ ಈ ಮರಕ್ಕೆ ನಮ್ಮಲ್ಲೂ ನಾಯಿಯ ನಂಟು ಇರುವುದು ಕಾಕತಾಳೀಯ. ನಾಟಿ ವೈದ್ಯದಲ್ಲಿ ಹುಚ್ಚುನಾಯಿ ಕಡಿತಕ್ಕೆ ಅಂಕೋಲೆಯ ಬೇರಿನ ತೊಗಟೆ ಕೊಡುವ ಪದ್ಧತಿ ಹಿಂದಿನಿಂದ ಇದೆ. ಇಂಟರ್‌ನೆಟ್‌ನಲ್ಲಿ 'ಅಂಕೋಲೆ ಉಪಯೋಗಗಳು' ಎಂದು ಹುಡುಕಿದರೆ ಇದು ಮೇಲ್ಸಾಲಿನಲ್ಲೇ ಸಿಗುತ್ತದೆ, ಎಚ್ಚರಿಕೆಯ ಒಂದು ಸಾಲೂ ಇಲ್ಲದೆ.

ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59 ಸಾವಿರ ಜನ ಇದರಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿರುವ ಅಂದಾಜು, ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲೇ. ಕಚ್ಚಿದ ನಾಯಿಗಳೆಲ್ಲಕ್ಕೂ ರೇಬಿಸ್ ಇರುವುದಿಲ್ಲ. ಹಾಗಾಗಿ ಬೇರಿನ ಕಷಾಯ ಕುಡಿದವರಲ್ಲಿ ಹಲವರು ಬದುಕಿದ್ದಾರೆ, ಕೀರ್ತಿ ಮಾತ್ರ ಬೇರಿಗೆ ಸಂದಿದೆ. ಸೋಂಕಿದ್ದ ನಾಯಿ ಕಚ್ಚಿದ್ದಾಗ ಬೇರನ್ನು ನಂಬಿ ಕಳೆದ ದಿನಗಳು ಮತ್ತೆ ಸಿಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಸೊಪ್ಪಿನ ರಸ ಏನನ್ನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ, ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ. ಆಳವಾದ ಗಾಯವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಎರಡು ಡೋಸ್ ಆದ ಮೇಲೆ 'ಏನೂ ಆಗಿಲ್ಲವಲ್ಲ' ಎಂದು ಬಿಡಬೇಡಿ.

ಬೇರು ನಿರುಪದ್ರವಿಯೂ ಅಲ್ಲ. ಅಂಕೋಲೆಯ ಬೇರಿನ ತೊಗಟೆಯಲ್ಲಿ ಎಮೆಟಿನ್ ಎಂಬ ಆಲ್ಕಲಾಯ್ಡ್ ಇದೆ. ದಕ್ಷಿಣ ಅಮೆರಿಕದ ಇಪೆಕಾಕ್ ಗಿಡದಲ್ಲಿ ಇರುವುದೂ ಇದೇ, ಅದರ ಸಿರಪ್ಪನ್ನು ಹಿಂದೆ ವಾಂತಿ ಮಾಡಿಸಲು ಕೊಡುತ್ತಿದ್ದರು. ಪ್ರಮಾಣ ಮೀರಿದರೆ ಎಮೆಟಿನ್ ಹೃದಯದ ಸ್ನಾಯುವಿಗೇ ಪೆಟ್ಟು ಕೊಡುತ್ತದೆ. ಆಯುರ್ವೇದದಲ್ಲಿ ಅಂಕೋಲಕ್ಕೆ ಸ್ಥಾನ ಇದೆ ನಿಜ, ಅದು ಓದಿದ ವೈದ್ಯರ ಕೈಯಲ್ಲಿ ಇರಬೇಕಾದ ವಸ್ತು. ಯೂಟ್ಯೂಬ್ ನೋಡಿ ಗುಡ್ಡದಿಂದ ಅಗೆದು ತಂದು ಮನೆಯಲ್ಲಿ ಕುದಿಸುವಂಥದ್ದಲ್ಲ. ಬೇರಿಗಾಗಿ ಅಗೆದರೆ ಮರವೂ ಉಳಿಯುವುದಿಲ್ಲ.

ನೋಡಲು ಹೋಗುವವರಿಗೆ

ಹೂವಿಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಒಳ್ಳೆಯ ಕಾಲ, ಬಿಸಿಲೇರುವ ಮುಂಚೆ ಬೆಳಗ್ಗೆ ಹೋಗಿ. ಫೋಟೋ ತೆಗೆಯುವಾಗ ಹೂ ಒಂದನ್ನೇ ಅಲ್ಲ, ರೆಂಬೆಯ ಮೇಲೆ ಎಲೆ ಅಥವಾ ಎಲೆ ಬಿದ್ದ ಗುರುತು ಹೇಗೆ ಜೋಡಣೆಯಾಗಿದೆ, ತೊಗಟೆ, ಇಡೀ ಮರದ ಆಕಾರ, ಸುತ್ತಲಿನ ಜಾಗ ಎಲ್ಲವನ್ನೂ ತೆಗೆಯಿರಿ. ಗುರುತಿಸುವವರಿಗೆ ಬೇಕಾಗುವುದು ಅದೇ. ಹಣ್ಣಿಗೆ ಮೇ ತಿಂಗಳ ನಂತರ ಅದೇ ಮರಕ್ಕೆ ಇನ್ನೊಮ್ಮೆ ಹೋಗಬೇಕು. ಆ ಹೊತ್ತಿಗೆ ಹೊಸ ಎಲೆ ತುಂಬಿ ಮರ ಬೇರೆಯದೇ ಎನ್ನಿಸುವಷ್ಟು ಬದಲಾಗಿರುತ್ತದೆ, ಆದ್ದರಿಂದ ಮೊದಲ ಸಲ ಹೋದಾಗಲೇ ಫೋನಿನಲ್ಲಿ ಜಾಗದ ಗುರುತು ಹಾಕಿಟ್ಟುಕೊಳ್ಳಿ. ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಇದೇ ಮರ ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ, ಅವರು ಹೇಳುವ ಹೆಸರು ಇಲ್ಲಿ ಬರೆದಿರುವುದಕ್ಕಿಂತ ಬೇರೆಯೇ ಇರಬಹುದು.